ಮೊಣಕೈ ಒರೆಸಿದ ದಾರಿ



ನಮ್ಮಲ್ಲಿ ಒಂದು ಗಾದೆ ಇದೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಬಿದ್ದವನು ಏಳುವ ಮೊದಲು ಸುತ್ತ ಕಣ್ಣಾಡಿಸುತ್ತಾನೆ. ಯಾರಾದರೂ ನೋಡಿದರೇ? ನೋಡಿಲ್ಲ ಎಂದಾದರೆ ಸಾಕು, ಮೀಸೆ ತಿರುವಿಕೊಂಡು ನಡೆಯುತ್ತಾನೆ. ಇವತ್ತಿನ ನನ್ನ ಮಾತು ಈ ಮೀಸೆಯ ಮಣ್ಣಿನ ಬಗ್ಗೆ. ಪರೀಕ್ಷೆಯಲ್ಲಿ ಬಿದ್ದ ವಿದ್ಯಾರ್ಥಿ ಆ ಮಣ್ಣನ್ನು ಏನು ಮಾಡಬೇಕು? ಒರೆಸಿಕೊಳ್ಳಬೇಕೋ, ಯಾರಿಗಾದರೂ ತೋರಿಸಬೇಕೋ?

ಮೊದಲು ನನ್ನ ಕತೆಯನ್ನೇ ಹೇಳಿಬಿಡುತ್ತೇನೆ.

1974ನೇ ಇಸವಿ. ಊರು ಚೆನ್ನೈ. ಆಗ ಮದರಾಸು. ನಮ್ಮ ಮನೆ ಇದ್ದದ್ದು ತಿರುವಲ್ಲಿಕ್ಕೇಣಿಯಲ್ಲಿ. ಟ್ರಿಪ್ಲಿಕೇನ್ ಅನ್ನುತ್ತಾರಲ್ಲ, ಅದೇ. ಪಾರ್ಥಸಾರಥಿ ದೇವಸ್ಥಾನದ ಗಂಟೆ ಒಂದು ಕಡೆಯಿಂದ ಕೇಳುತ್ತಿತ್ತು. ಇನ್ನೊಂದು ಕಡೆಯಿಂದ ಸಮುದ್ರದ ಗಾಳಿ. ನಮ್ಮ ತಂದೆ ಅಲ್ಲಿನ ಒಂದು ಉಡುಪಿ ಹೋಟೆಲಿನಲ್ಲಿ ಲೆಕ್ಕ ಬರೆಯುತ್ತಿದ್ದರು. ನಾನು ಪಿಯುಸಿ ಪರೀಕ್ಷೆ ಬರೆದು ಕೂತಿದ್ದೆ. ಫಲಿತಾಂಶ ಪತ್ರಿಕೆಯಲ್ಲಿ ಬರುತ್ತಿದ್ದ ಕಾಲ ಅದು. ಪಾಸಾದವರ ನಂಬರು ಮಾತ್ರ ಅಚ್ಚಾಗುತ್ತಿತ್ತು. ಫೇಲಾದವರಿಗೆ ಅಚ್ಚಿನಲ್ಲಿ ಜಾಗ ಇರಲಿಲ್ಲ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಪತ್ರಿಕೆ ಬಿಚ್ಚಿದೆ. ನನ್ನ ಹಿಂದಿನ ನಂಬರು ಇತ್ತು. ಮುಂದಿನ ನಂಬರೂ ಇತ್ತು. ನಡುವೆ ನಾನಿರಲಿಲ್ಲ. ಮೂರು ಸಲ ಬೆರಳಿಟ್ಟು ಓದಿದೆ. ಆಮೇಲೆ ಪತ್ರಿಕೆಯನ್ನು ಮಡಿಸಿ ಅಟ್ಟಕ್ಕೆ ಹತ್ತಿದೆ. ಹಳೇ ಪಂಚಾಂಗಗಳ ಕಟ್ಟಿನ ನಡುವೆ ತುರುಕಿದೆ. ಕೆಳಗಿಳಿದು ಬಂದು, ಇವತ್ತು ಪೇಪರು ಬಂದಿಲ್ಲ ಅಂದೆ. ತಂದೆ ಏನೂ ಅನ್ನಲಿಲ್ಲ. ಕಾಫಿ ಕುಡಿದು ಹೋಟೆಲಿಗೆ ಹೊರಟರು.

ಆಮೇಲೆ ಅಂಕಪಟ್ಟಿ ಬಂತು. ಗಣಿತದಲ್ಲಿ ನೂರಕ್ಕೆ 22.

ಈ ಕತೆಯ ಕೊನೆ ಬಾಕಿ ಇದೆ. ಅದಕ್ಕೆ ಆಮೇಲೆ ಬರುತ್ತೇನೆ. ಸದ್ಯಕ್ಕೆ ಇಷ್ಟು ನೆನಪಿಟ್ಟುಕೊಳ್ಳಿ: ನಾನು ಬಿದ್ದೆ, ಬಿದ್ದದ್ದನ್ನು ಬಚ್ಚಿಟ್ಟೆ. ಈಗ ನನಗಿಂತ ಸುಮಾರು ಎಪ್ಪತ್ತು ವರ್ಷ ಮೊದಲು ಇದೇ ಮದರಾಸಿನಲ್ಲಿ ಬಿದ್ದ ಇನ್ನೊಬ್ಬ ಹುಡುಗನ ಕಡೆ ಹೋಗೋಣ. ಅವನ ಹೆಸರು ನಿಮಗೆಲ್ಲ ಗೊತ್ತು. ಶ್ರೀನಿವಾಸ ರಾಮಾನುಜನ್. ಅವನು ಎಂದು ಏಕವಚನದಲ್ಲಿ ಹೇಳುತ್ತಿದ್ದೇನೆ, ಕ್ಷಮಿಸಿ. ಫೇಲಾದ ಹುಡುಗನನ್ನು ನಮ್ಮಲ್ಲಿ ಯಾರೂ ಬಹುವಚನದಲ್ಲಿ ಕರೆಯುವುದಿಲ್ಲ. ಅವನ ಕಾಲದವರೂ ಕರೆದಿರಲಾರರು.

ರಾಮಾನುಜನ್ ಹುಟ್ಟಿದ್ದು 1887ರ ಡಿಸೆಂಬರ್ 22ರಂದು, ಈರೋಡಿನಲ್ಲಿ. ಬೆಳೆದದ್ದು ಕುಂಭಕೋಣದಲ್ಲಿ. ತಂದೆ ಸೀರೆ ಅಂಗಡಿಯಲ್ಲಿ ಗುಮಾಸ್ತ. ಶಾಲೆಯಲ್ಲಿ ಹುಡುಗ ಬಹಳ ಚುರುಕು. ಗಣಿತಕ್ಕೆ ಬಹುಮಾನ ಬಂತು. ಹದಿನಾರರ ಹೊತ್ತಿಗೆ ಕಾರ್ ಎಂಬಾತ ಬರೆದ ಒಂದು ದಪ್ಪ ಗಣಿತದ ಪುಸ್ತಕ ಕೈಗೆ ಸಿಕ್ಕಿತು. ಅದರಲ್ಲಿ ಐದು ಸಾವಿರದಷ್ಟು ಸೂತ್ರಗಳಿದ್ದವು. ವಿವರಣೆ ಮಾತ್ರ ಬಹಳ ಕಡಿಮೆ. ಹುಡುಗ ಅದರೊಳಗೆ ಇಳಿದವನು ಮೇಲೆ ಬರಲೇ ಇಲ್ಲ.

1904ರಲ್ಲಿ ಕುಂಭಕೋಣದ ಸರ್ಕಾರಿ ಕಾಲೇಜು ಸೇರಿದ. ವಿದ್ಯಾರ್ಥಿವೇತನವೂ ಸಿಕ್ಕಿತು. ಆದರೆ ತರಗತಿಯಲ್ಲಿ ಯಾವ ಪಾಠ ನಡೆದರೂ ಇವನು ಲೆಕ್ಕವನ್ನೇ ಮಾಡುತ್ತಿದ್ದ. ಇಂಗ್ಲಿಷ್ ಪ್ರಬಂಧದಲ್ಲಿ ಫೇಲಾದ. ವಿದ್ಯಾರ್ಥಿವೇತನ ಹೋಯಿತು. ಬಡ ಮನೆ. ಶುಲ್ಕ ಕಟ್ಟುವುದು ಕಷ್ಟ. 1905ರಲ್ಲಿ ಒಂದು ದಿನ ಹುಡುಗ ಯಾರಿಗೂ ಹೇಳದೆ ರೈಲು ಹತ್ತಿದ. ಹೋದದ್ದು ದೂರದ ವಿಶಾಖಪಟ್ಟಣಕ್ಕೆ. ಕಾಣೆಯಾದ ಹುಡುಗ ಎಂದು ಪತ್ರಿಕೆಯಲ್ಲಿ ಸುದ್ದಿಯೂ ಬಂತು. ಕೊನೆಗೆ ಮನೆಗೆ ಬಂದ. ನಾನು ಪತ್ರಿಕೆಯನ್ನು ಬಚ್ಚಿಟ್ಟೆ. ಅವನು ತನ್ನನ್ನೇ ಬಚ್ಚಿಟ್ಟುಕೊಂಡ.

ಮುಂದಿನ ವರ್ಷ, 1906ರಲ್ಲಿ, ಮದರಾಸಿನ ಪಚ್ಚಯ್ಯಪ್ಪ ಕಾಲೇಜಿಗೆ ಬಂದ. ಆಗ ಆ ಕಾಲೇಜು ಜಾರ್ಜ್ ಟೌನಿನಲ್ಲಿತ್ತು. ಅಲ್ಲಿ ಅವನ ನೋಟುಪುಸ್ತಕ ನೋಡಿ ಮೆಚ್ಚಿದ ಮೇಷ್ಟ್ರುಗಳಿದ್ದರು. ಆದರೆ ಎಫ್.ಎ. ಎಂಬ ಆಗಿನ ಪರೀಕ್ಷೆಯ ನಿಯಮ ಕಟ್ಟುನಿಟ್ಟು. ಒಂದು ವಿಷಯದಲ್ಲಿ ಬಿದ್ದರೂ ಪರೀಕ್ಷೆಯೇ ಬಿದ್ದಂತೆ. ಗಣಿತ, ಇಂಗ್ಲಿಷ್, ಸಂಸ್ಕೃತ, ಗ್ರೀಕರ ಮತ್ತು ರೋಮನರ ಚರಿತ್ರೆ, ಇವುಗಳ ಜೊತೆಗೆ ಶರೀರಶಾಸ್ತ್ರ. ಈ ಶರೀರಶಾಸ್ತ್ರ ಅವನಿಗೆ ನುಂಗಲಾರದ ತುತ್ತಾಯಿತು. ಜೀರ್ಣಾಂಗಗಳ ಪಾಠ ತನಗೆ ಜೀರ್ಣವಾಗಿಲ್ಲ ಎಂಬರ್ಥದ ಒಂದು ಮಾತು ಬರೆದು ಉತ್ತರಪತ್ರಿಕೆ ಕೊಟ್ಟು ಬಂದ ಎಂದು ಕತೆ. ನೂರಕ್ಕೆ ಹತ್ತೂ ಬರಲಿಲ್ಲವಂತೆ. 1906ರಲ್ಲಿ ಫೇಲು. 1907ರಲ್ಲಿ ಮನೆಯಲ್ಲೇ ಓದಿ ಮತ್ತೆ ಕಟ್ಟಿದ. ಮತ್ತೆ ಫೇಲು. ಅಲ್ಲಿಗೆ ಅವನ ಕಾಲೇಜು ಓದು ಮುಗಿಯಿತು.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಒಬ್ಬ ಹುಡುಗ. ಎರಡು ಕಾಲೇಜು. ಕೈತಪ್ಪಿದ ವಿದ್ಯಾರ್ಥಿವೇತನ. ಕುಂಭಕೋಣದಲ್ಲಿ ಒಂದು ಸಲ, ಎಫ್.ಎ.ಯಲ್ಲಿ ಎರಡು ಸಲ ಬಿದ್ದ ಪರೀಕ್ಷೆ. ಈಗ ಒಂದು ಪ್ರಶ್ನೆ. ಈ ಸೋಲುಗಳು ಅವನಿಗೆ ಏನು ಕಲಿಸಿದವು?

ಸೋಲೇ ಗೆಲುವಿನ ಮೆಟ್ಟಿಲು ಎಂದು ನಾವು ಶಾಲೆಯ ಗೋಡೆಗಳ ಮೇಲೆ ಬರೆಸುತ್ತೇವೆ. ನನಗೆ ಆ ಮಾತಿನಲ್ಲಿ ಅಷ್ಟು ನಂಬಿಕೆ ಇಲ್ಲ. ರಾಮಾನುಜನ್ ಮೊದಲ ಸಲ ಬಿದ್ದ ಹಾಗೆಯೇ ಎರಡನೆಯ ಸಲವೂ ಬಿದ್ದ. ಮೂರನೆಯ ಸಲವೂ ಹಾಗೆಯೇ. ಸೋಲು ತಾನಾಗಿ ಕಲಿಸುವುದಾಗಿದ್ದರೆ ಮೂರು ಸಲ ಯಾಕೆ ಬೇಕಿತ್ತು? ಬೀಳುವುದರಿಂದ ಬುದ್ಧಿ ಬರುವುದಿಲ್ಲ. ಎಲ್ಲಿ ಎಡವಿದೆ ಎಂದು ತಿರುಗಿ ನೋಡಿದರೆ ಬಂದೀತು. ಅದನ್ನು ಅವನು ನೋಡಿದ್ದು ಕೆಲವು ವರ್ಷಗಳ ನಂತರ. ಎಡವಿದ ಕಲ್ಲು ಯಾವುದು ಎಂದು ತಿಳಿಯಲು ಅವನು ಲೆಕ್ಕ ಮಾಡುತ್ತಿದ್ದ ರೀತಿಯನ್ನು ಹತ್ತಿರದಿಂದ ನೋಡಬೇಕು.

ಒಂದು ಜಗಲಿಯನ್ನು ಮನಸ್ಸಿಗೆ ತಂದುಕೊಳ್ಳಿ. ಅಲ್ಲಿ ಒಬ್ಬ ಯುವಕ ಕಾಲು ಮಡಿಚಿ ಕೂತಿದ್ದಾನೆ. ತೊಡೆಯ ಮೇಲೆ ಒಂದು ದೊಡ್ಡ ಸ್ಲೇಟು. ಕೈಯಲ್ಲಿ ಬಳಪ. ಸ್ಲೇಟಿನ ಮೇಲೆ ಬಳಪ ಓಡುವ ಕಿರ್ ಕಿರ್ ಸದ್ದು ನಿಮಗೆ ನೆನಪಿದೆಯಲ್ಲ, ಅದು ಎಡೆಬಿಡದೆ ಕೇಳುತ್ತಿದೆ. ಸ್ಲೇಟು ತುಂಬಿತು. ಬಟ್ಟೆ ಹುಡುಕಲು ಪುರುಸೊತ್ತಿಲ್ಲ. ಮೊಣಕೈಯಿಂದಲೇ ಒರೆಸಿದ. ಮತ್ತೆ ಬರೆದ. ಮತ್ತೆ ಒರೆಸಿದ. ಒರೆಸಿ ಒರೆಸಿ ಮೊಣಕೈ ಒರಟಾಗಿತ್ತು, ಕಪ್ಪಾಗಿತ್ತು. ಕೊನೆಗೆ ಉತ್ತರ ಬಂದಾಗ ಮಾತ್ರ ಪಕ್ಕದ ನೋಟುಪುಸ್ತಕ ತೆಗೆದು ಅದೊಂದನ್ನು ಬರೆದಿಟ್ಟ. ಕಾಗದಕ್ಕೆ ಕಾಸು ಬೇಕು. ಸ್ಲೇಟಿಗೆ ಬೇಡ. ಹಾಗಾಗಿ ನೋಟುಪುಸ್ತಕದಲ್ಲಿ ಉತ್ತರ ಉಳಿಯಿತು. ಉತ್ತರಕ್ಕೆ ಹೋದ ದಾರಿಯನ್ನು ಮೊಣಕೈ ಒರೆಸಿಹಾಕಿತು.

ಕೇಳುಗರೇ, ನೀವು ಶಾಲೆಯಲ್ಲಿದ್ದಾಗ ಗಣಿತದ ಮೇಷ್ಟ್ರು ಹೇಳುತ್ತಿದ್ದ ಮಾತು ನೆನಪಿದೆಯೇ? ಸ್ಟೆಪ್ಸ್ ಬರೀರೋ, ಸ್ಟೆಪ್ಸಿಗೆ ಮಾರ್ಕ್ಸ್ ಇದೆ. ರಾಮಾನುಜನ್ ಬಿದ್ದದ್ದು ಗಣಿತದಲ್ಲಲ್ಲ, ನಿಜ. ಆದರೂ ಅವನ ತೊಡಕು ಒಂದೇ. ತಾನು ಕಂಡದ್ದು ತನಗೆ ಸಾಕು. ಎದುರಿಗಿರುವವನಿಗೆ ಏನು ಬೇಕು, ಅವನು ಎಲ್ಲಿ ನಿಂತಿದ್ದಾನೆ ಎಂಬ ಯೋಚನೆ ಇಲ್ಲ. ಶರೀರಶಾಸ್ತ್ರದ ಪರೀಕ್ಷಕನಾಗಲಿ, ಇಂಗ್ಲಿಷ್ ಮೇಷ್ಟ್ರಾಗಲಿ, ಎದುರಿಗಿದ್ದವರು ಅವನಿಗೆ ಕಾಣುತ್ತಲೇ ಇರಲಿಲ್ಲ.

ಸರಿ. ಬಚ್ಚಿಟ್ಟುಕೊಂಡದ್ದನ್ನು ನೋಡಿದೆವು. ಒರೆಸಿಹಾಕಿದ್ದನ್ನು ನೋಡಿದೆವು. ಇನ್ನು ತೋರಿಸಲು ಕಲಿತದ್ದನ್ನು ನೋಡೋಣ.

1909ರಲ್ಲಿ ರಾಮಾನುಜನ್‌ಗೆ ಮದುವೆಯಾಯಿತು. ಕೆಲಸ ಬೇಕಾಯಿತು. ಪದವಿ ಇಲ್ಲ. ಎಫ್.ಎ. ಕೂಡ ಇಲ್ಲ. ಕೈಯಲ್ಲಿದ್ದದ್ದು ನೋಟುಪುಸ್ತಕ ಒಂದೇ. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆ ಮನೆ ಹತ್ತಿದ. 1910ರಲ್ಲಿ ತಿರುಕ್ಕೋಯಿಲೂರಿಗೆ ಹೋದ. ಅಲ್ಲಿ ರಾಮಸ್ವಾಮಿ ಅಯ್ಯರ್ ಎಂಬ ಡೆಪ್ಯುಟಿ ಕಲೆಕ್ಟರ್ ಇದ್ದರು. ಭಾರತೀಯ ಗಣಿತ ಸಂಘವನ್ನು ಹುಟ್ಟುಹಾಕಿದವರು ಅವರೇ. ಹುಡುಗ ಅವರ ಕಚೇರಿಯಲ್ಲಿ ಗುಮಾಸ್ತಿಕೆ ಕೇಳಿದ. ಅವರು ನೋಟುಪುಸ್ತಕ ನೋಡಿದರು. ಇವನನ್ನು ತಾಲ್ಲೂಕು ಕಚೇರಿಯ ಕಡತಗಳಲ್ಲಿ ಹೂತುಹಾಕಲು ಅವರಿಗೆ ಮನಸ್ಸು ಬರಲಿಲ್ಲ. ಮದರಾಸಿನ ಪರಿಚಿತರಿಗೆ ಕಾಗದ ಕೊಟ್ಟು ಕಳಿಸಿದರು.

ಹೀಗೆ ಒಂದು ಬಾಗಿಲು ಇನ್ನೊಂದು ಬಾಗಿಲನ್ನು ತೋರಿಸಿತು. ಕೊನೆಗೆ ರಾಮಚಂದ್ರ ರಾವ್ ಅವರ ಬಾಗಿಲು. ಅವರು ನೆಲ್ಲೂರಿನ ಕಲೆಕ್ಟರು. ಗಣಿತದಲ್ಲಿ ಆಸಕ್ತಿ ಇದ್ದವರು. ಆ ಭೇಟಿಯ ಬಗ್ಗೆ ಅವರೇ ಮುಂದೆ ಬರೆದಿದ್ದಾರೆ. ಗಿಡ್ಡ ಆಳು. ತೋರ ಮೈ. ಕ್ಷೌರ ಮಾಡಿಲ್ಲ. ಬಟ್ಟೆ ಅಷ್ಟೇನೂ ಶುಭ್ರವಾಗಿಲ್ಲ. ಕಣ್ಣುಗಳು ಮಾತ್ರ ಹೊಳೆಯುತ್ತಿವೆ. ಕಂಕುಳಲ್ಲಿ ಅಂಚು ಸವೆದ ನೋಟುಪುಸ್ತಕ.

ಇಲ್ಲಿ ಸ್ವಲ್ಪ ನಿಲ್ಲೋಣ. ನನ್ನ ಮಟ್ಟಿಗೆ ರಾಮಾನುಜನ್ ಕತೆಯ ತಿರುಳು ಇಲ್ಲಿದೆ.

ಮೊದಲ ದಿನ ಅವನು ನೋಟುಪುಸ್ತಕ ಬಿಚ್ಚಿ ವಿವರಿಸಿದ. ರಾಮಚಂದ್ರ ರಾಯರಿಗೆ ಏನೋ ಇದೆ ಅನ್ನಿಸಿತು. ಆದರೆ ತಲೆಗೆ ಹೋಗಲಿಲ್ಲ. ಅದನ್ನು ಅವರು ಮುಚ್ಚಿಡಲೂ ಇಲ್ಲ. ಸರಿಯೋ ತಪ್ಪೋ ಏನೂ ಹೇಳದೆ, ಇನ್ನೊಂದು ಸಲ ಬಾ ಎಂದರು. ಹುಡುಗ ಬಂದ. ಈ ಸಲ ಅವನು ಬೇರೆ ರೀತಿ ಮಾಡಿದ. ಕಲೆಕ್ಟರಿಗೆ ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ ಎಂಬುದನ್ನು ಅಳೆದುಕೊಂಡು ಬಂದಿದ್ದ. ಸುಲಭದ ಫಲಿತಾಂಶಗಳಿಂದ ಶುರು ಮಾಡಿದ. ಅವು ಅರ್ಥವಾದ ಮೇಲೆ ಒಂದು ಮೆಟ್ಟಿಲು ಮೇಲೆ. ಆಮೇಲೆ ಇನ್ನೊಂದು ಮೆಟ್ಟಿಲು. ಕೈ ಹಿಡಿದು ಹತ್ತಿಸಿದ ಹಾಗೆ ಹತ್ತಿಸಿದ. ಮೇಲೆ ಮುಟ್ಟಿದಾಗ ರಾಯರಿಗೆ ಸಂಶಯವೇ ಉಳಿಯಲಿಲ್ಲ. ನಿನಗೇನು ಬೇಕು ಎಂದರು. ಹೊಟ್ಟೆಗೆ ಅಷ್ಟಿಷ್ಟು ಸಿಕ್ಕರೆ ಸಾಕು, ಲೆಕ್ಕ ಮಾಡಿಕೊಂಡಿರುತ್ತೇನೆ ಎಂಬರ್ಥದಲ್ಲಿ ಹೇಳಿದ. ತಿಂಗಳಿಗೆ 25 ರೂಪಾಯಿ ರಾಯರ ಜೇಬಿನಿಂದ ಬರತೊಡಗಿತು.

ಗಮನಿಸಿದಿರಾ? ಮೂರು ಸಲ ಬಿದ್ದಾಗ ಕಲಿಯದ ಪಾಠವನ್ನು ಅವನು ಈ ಮನೆಯಲ್ಲಿ ಕಲಿತ. ಎದುರಿಗಿರುವವನು ನಿಂತ ಜಾಗಕ್ಕೆ ಇಳಿದು ಬರಬೇಕು. ಅಲ್ಲಿಂದ ಅವನನ್ನು ಕರೆದುಕೊಂಡು ಹೋಗಬೇಕು.

ಆ ಪಾಠವೂ ಒಂದೇ ದಿನಕ್ಕೆ ಮುಗಿಯಲಿಲ್ಲ. ಈಗ ನಮ್ಮ ಬೆಂಗಳೂರು ಈ ಕತೆಯೊಳಗೆ ಬರುತ್ತದೆ. 1911ರಲ್ಲಿ ರಾಮಾನುಜನ್ ತನ್ನ ಮೊದಲ ಲೇಖನವನ್ನು ಭಾರತೀಯ ಗಣಿತ ಸಂಘದ ಪತ್ರಿಕೆಗೆ ಕಳಿಸಿದ. ಅದರ ಸಂಪಾದಕರು ಎಂ.ಟಿ. ನಾರಾಯಣ ಅಯ್ಯಂಗಾರ್. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. ಅವರು ಲೇಖನ ಓದಿದರು. ಹೊಸತನ ಕಂಡಿತು. ಆದರೆ ಬರವಣಿಗೆ ಬಿಗಿ. ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ದೊಡ್ಡ ಜಿಗಿತ. ಸಾಮಾನ್ಯ ಓದುಗ ಹಿಂಬಾಲಿಸಲಾರ. ಅಯ್ಯಂಗಾರರು ಲೇಖನವನ್ನು ಕಸದ ಬುಟ್ಟಿಗೆ ಹಾಕಲಿಲ್ಲ. ಹಾಗೆಯೇ ಅಚ್ಚಿಗೂ ಕೊಡಲಿಲ್ಲ. ತಿದ್ದಿ ಕಳಿಸು ಎಂದು ಹಿಂದಕ್ಕೆ ಕಳಿಸಿದರು. ಬಂತು. ಮತ್ತೆ ಕಳಿಸಿದರು. ಹೀಗೆ ಮೂರು ಸಲ ಅದು ಬೆಂಗಳೂರಿಗೂ ಮದರಾಸಿಗೂ ಓಡಾಡಿತು. ನಾಲ್ಕು ಜನ ಓದಬಲ್ಲ ರೂಪಕ್ಕೆ ಬಂದ ಮೇಲೆ ಅಚ್ಚಾಯಿತು. ಮೂರು ಸಲ ಹಿಂದಕ್ಕೆ ಬಂದ ಲೇಖನ. ಇದನ್ನು ಸೋಲು ಎನ್ನುತ್ತೀರಾ, ಪಾಠ ಎನ್ನುತ್ತೀರಾ? ಎಫ್.ಎ. ಪರೀಕ್ಷೆ ಅವನಿಗೆ ಫೇಲು ಎಂದಷ್ಟೇ ಹೇಳಿತ್ತು. ಬೆಂಗಳೂರಿನ ಮೇಷ್ಟ್ರು ಎಲ್ಲಿ ಎಡವಿದೆ ಎಂದು ತೋರಿಸಿದರು.

ಇಲ್ಲಿಯವರೆಗಿನ ಮಾತನ್ನು ಒಟ್ಟು ಮಾಡೋಣ. ಬಿದ್ದವನು ಮೊದಲು ಓಡಿಹೋದ. ಆಮೇಲೆ ನೋಟುಪುಸ್ತಕ ಹಿಡಿದು ಬಾಗಿಲು ತಟ್ಟಿದ. ಸುಲಭದಿಂದ ಕಷ್ಟಕ್ಕೆ ಹೋಗಲು ಕಲಿತ. ತಿದ್ದಿ ಬರೆಯಲು ಕಲಿತ. ಮುಂದಿನದು, ತನ್ನ ಸೋಲನ್ನು ಬಾಯಿಬಿಟ್ಟು ಹೇಳಲು ಕಲಿತದ್ದು.

1912ರ ಮಾರ್ಚಿನಲ್ಲಿ ಮದರಾಸು ಬಂದರಿನ ಕಚೇರಿಯಲ್ಲಿ ಅವನಿಗೆ ಕೆಲಸ ಸಿಕ್ಕಿತು. ಗುಮಾಸ್ತ. ತಿಂಗಳಿಗೆ 30 ರೂಪಾಯಿ. ಕೆಲಸ ಕೇಳಿ ಬರೆದ ಅರ್ಜಿಯಲ್ಲಿ ಓದು ನಿಂತುಹೋದದ್ದನ್ನು ಅವನು ಮುಚ್ಚಿಡಲಿಲ್ಲ. ಮೆಟ್ರಿಕ್ಯುಲೇಷನ್ ಪಾಸಾಗಿದೆ, ಎಫ್.ಎ. ವರೆಗೆ ಓದಿದ್ದೇನೆ, ಕೆಲವು ಅಡಚಣೆಗಳಿಂದ ಮುಂದುವರಿಯಲಾಗಲಿಲ್ಲ, ಉಳಿದ ಹೊತ್ತೆಲ್ಲ ಗಣಿತಕ್ಕೆ ಕೊಟ್ಟಿದ್ದೇನೆ ಎಂಬುದು ಅದರ ಸಾರ. ಮುಂದಿನ ವರ್ಷ, 1913ರ ಜನವರಿಯಲ್ಲಿ, ಕೇಂಬ್ರಿಜಿನ ಗಣಿತಜ್ಞ ಹಾರ್ಡಿಗೆ ಕಾಗದ ಬರೆದಾಗಲೂ ಹಾಗೆಯೇ. ತಾನು ಬಂದರು ಕಚೇರಿಯ ಗುಮಾಸ್ತ, ವರ್ಷಕ್ಕೆ 20 ಪೌಂಡು ಸಂಬಳ, ವಿಶ್ವವಿದ್ಯಾಲಯದ ಓದು ಆಗಿಲ್ಲ ಎಂಬುದು ಮೊದಲ ಕೆಲವು ಸಾಲುಗಳಲ್ಲೇ ಇದೆ. ಸೂತ್ರಗಳು ಆಮೇಲೆ ಬರುತ್ತವೆ. ಎಂಟು ವರ್ಷ ಹಿಂದೆ ರೈಲು ಹತ್ತಿ ಓಡಿಹೋಗಿದ್ದ ಹುಡುಗ ಇವನೇ.

ಹಾರ್ಡಿಗಿಂತ ಮೊದಲು ಬೇರೆಯವರಿಗೂ ಅವನ ಕೆಲಸ ಹೋಗಿತ್ತು. ಇಬ್ಬರು ದೊಡ್ಡ ಗಣಿತಜ್ಞರಿಂದ ಪ್ರೋತ್ಸಾಹ ಸಿಗಲಿಲ್ಲ. ಲಂಡನ್ನಿನ ಹಿಲ್ ಎಂಬ ಪ್ರಾಧ್ಯಾಪಕರು ಮಾತ್ರ ಓದಿ ಉತ್ತರ ಬರೆದರು. ಅದು ಹೊಗಳಿಕೆಯ ಉತ್ತರವಲ್ಲ. ಎಲ್ಲಿ ಜಾರಿದ್ದಾನೆ, ಯಾವ ಪುಸ್ತಕ ಓದಬೇಕು ಎಂದು ತಿಳಿಸಿದ್ದರು. ವಿವರಿಸದ ಚಿಹ್ನೆಗಳನ್ನು ಬಳಸಬಾರದು, ಸ್ಪಷ್ಟವಾಗಿ ಬರೆಯಬೇಕು ಎಂದೂ ಇತ್ತು. ಬೆಂಗಳೂರಿನವರು ಹೇಳಿದ್ದೂ ಅದನ್ನೇ. ಹಾರ್ಡಿ ಬೆರಗಾದರು. ಆದರೆ ಅವರು ಕೇಳಿದ್ದೂ ಅದನ್ನೇ. ಸಾಧನೆ ಎಲ್ಲಿ, ಅಂದರೆ ಈ ಉತ್ತರಕ್ಕೆ ಬಂದ ದಾರಿ ಎಲ್ಲಿ? ಮೊಣಕೈ ಒರೆಸಿದ್ದನ್ನು ಎಲ್ಲರೂ ಕೇಳುತ್ತಿದ್ದರು.

ಮುಂದಿನದು ನಿಮಗೆ ಗೊತ್ತು. 1913ರಲ್ಲಿ ಮದರಾಸು ವಿಶ್ವವಿದ್ಯಾಲಯ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ಕೊಟ್ಟಿತು. ಎಫ್.ಎ.ಯಲ್ಲಿ ಫೇಲು ಮಾಡಿದ್ದು ಇದೇ ವಿಶ್ವವಿದ್ಯಾಲಯ. ಮೂರು ತಿಂಗಳಿಗೊಮ್ಮೆ ವರದಿ ಬರೆದು ಕೊಡಬೇಕೆಂಬ ಷರತ್ತಿತ್ತು. ಕೊಟ್ಟ. 1914ರ ಮಾರ್ಚಿನಲ್ಲಿ ಹಡಗು ಹತ್ತಿದ. 1916ರಲ್ಲಿ ಕೇಂಬ್ರಿಜ್ ಪದವಿ. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ. ಆಗ ವಯಸ್ಸು ಮೂವತ್ತು. ಈಗ ನಾವು ಬಹುವಚನಕ್ಕೆ ಬರಬಹುದು. ಕಾಯಿಲೆಯಿಂದ ಸೊರಗಿ 1919ರಲ್ಲಿ ಅವರು ತಾಯ್ನಾಡಿಗೆ ಮರಳಿದರು. 1920ರ ಏಪ್ರಿಲ್ 26ರಂದು ಮದರಾಸಿನ ಚೇಟ್‌ಪಟ್ಟಿನಲ್ಲಿ ತೀರಿಕೊಂಡರು. ಮೂವತ್ತೆರಡು ವರ್ಷದ ಬಾಳು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಫೇಲಾದದ್ದೇ ಒಳ್ಳೆಯದಾಯಿತು, ಅದರಿಂದಲೇ ದೊಡ್ಡವರಾದರು ಎಂದು ಯಾರೂ ತಿಳಿಯಬೇಡಿ. ಕಾಲೇಜು ತಪ್ಪಿದ ಆ ವರ್ಷಗಳಲ್ಲಿ ಅವರು ಒಂಟಿಯಾಗಿ ಕಂಡುಹಿಡಿದ ಎಷ್ಟೋ ಸಂಗತಿಗಳು ಯುರೋಪಿನಲ್ಲಿ ಮೊದಲೇ ಗೊತ್ತಿದ್ದವು. ಹೇಳುವವರಿಲ್ಲದೆ ಆ ಶ್ರಮ ಎರಡೆರಡಾಯಿತು. ಒರೆಸಿಹೋದ ದಾರಿಯ ಬೆಲೆಯೂ ದೊಡ್ಡದು. ಅವರ ನೋಟುಪುಸ್ತಕಗಳ ಪಡಿಯಚ್ಚು 1957ರಲ್ಲಿ ಹೊರಬಂತು. ಅವುಗಳಲ್ಲಿ ಮೂರು ಸಾವಿರದಷ್ಟು ಫಲಿತಾಂಶಗಳಿವೆ. ಅಮೆರಿಕದ ಬ್ರೂಸ್ ಬರ್ನ್ಟ್ ಒಂದೊಂದಕ್ಕೂ ಸಾಧನೆ ಹುಡುಕುತ್ತಾ ಕೂತರು. 1985ರಿಂದ 1998ರವರೆಗೆ ಐದು ಸಂಪುಟ ಬಂದವು. ಒಬ್ಬ ಯುವಕನ ಮೊಣಕೈ ಕ್ಷಣದಲ್ಲಿ ಒರೆಸಿದ್ದನ್ನು ಮತ್ತೆ ಬರೆಯಲು ಇಷ್ಟು ಕಾಲ ಹಿಡಿಯಿತು.

ರಾಮಾನುಜನ್ ಮಾತು ಇಷ್ಟಕ್ಕೆ ನಿಲ್ಲಿಸುತ್ತೇನೆ. ಅವರು ಎಫ್.ಎ. ಪಾಸಾಗಲೇ ಇಲ್ಲ. ಎಲ್ಲರೂ ರಾಮಾನುಜನ್ ಆಗುವುದಿಲ್ಲ, ನಮ್ಮ ಹುಡುಗನಿಗೆ ಪಾಸಾಗುವ ದಾರಿ ಹೇಳಿ ಎನ್ನುತ್ತೀರಿ. ನ್ಯಾಯ. ಹಾಗಾದರೆ ಮದರಾಸಿನಲ್ಲಿ ಹುಟ್ಟಿ ಮೈಸೂರಿನಲ್ಲಿ ಬಿದ್ದ ಇನ್ನೊಬ್ಬರನ್ನು ಒಂದು ನಿಮಿಷ ನೆನೆಯೋಣ.

ಆರ್.ಕೆ. ನಾರಾಯಣ್. 1906ರಲ್ಲಿ ಮದರಾಸಿನಲ್ಲಿ ಹುಟ್ಟಿದರು. ಪುರಸವಾಕ್ಕಂನ ಅಜ್ಜಿಯ ಮನೆಯಲ್ಲಿ ಬೆಳೆದರು. ಆಮೇಲೆ ಮೈಸೂರಿಗೆ ಬಂದರು. ಅಲ್ಲಿ ತಂದೆಯೇ ಹೆಡ್‌ಮಾಸ್ಟರು. 1925ರಲ್ಲಿ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆದರು. ಫೇಲು. ಯಾವ ವಿಷಯದಲ್ಲಿ ಗೊತ್ತೆ? ಇಂಗ್ಲಿಷಿನಲ್ಲಿ! ಮುಂದೆ ಇಂಗ್ಲಿಷಿನಲ್ಲೇ ಬರೆದು ಲೋಕಕ್ಕೆ ಪರಿಚಿತರಾದವರು ಇವರು. ಹೆಡ್‌ಮಾಸ್ಟರ ಮಗ ಫೇಲು. ಮನೆಯಲ್ಲಿ ಮೀಸೆ ಮಣ್ಣಾಗುವುದಕ್ಕೆ ಇದಕ್ಕಿಂತ ಇನ್ನೇನು ಬೇಕು? ಆದರೆ ಆ ಒಂದು ವರ್ಷ ಅವರು ಮೂಲೆ ಹಿಡಿಯಲಿಲ್ಲ. ಪುಸ್ತಕ ಹಿಡಿದು ಕುಕ್ಕರಹಳ್ಳಿ ಕೆರೆಯ ಕಡೆ ನಡೆದರು. ಮನಸ್ಸಿಗೆ ಬಂದದ್ದನ್ನು ಓದಿದರು. ಬರೆಯಲೂ ಶುರು ಮಾಡಿದರು. ಮುಂದಿನ ವರ್ಷ ಪಾಸಾದರು. 1930ರಲ್ಲಿ ಬಿ.ಎ. ಆಯಿತು.

ಅವರ ಮೊದಲ ಕಾದಂಬರಿ ಸ್ವಾಮಿ ಅಂಡ್ ಫ್ರೆಂಡ್ಸ್ ಪ್ರಕಾಶಕರ ಮನೆಗಳಿಂದ ಒಂದೊಂದಾಗಿ ಹಿಂದಕ್ಕೆ ಬಂತು. ಲೇಖಕರಿಗೇ ಬೇಸರವಾಯಿತು. ಇಂಗ್ಲೆಂಡಿನಲ್ಲಿ ಓದುತ್ತಿದ್ದ ಗೆಳೆಯನಿಗೆ, ಅದನ್ನು ಥೇಮ್ಸ್ ನದಿಗೆ ಎಸೆದುಬಿಡು ಎಂಬರ್ಥದಲ್ಲಿ ಬರೆದರಂತೆ. ಗೆಳೆಯ ಎಸೆಯಲಿಲ್ಲ. ಗ್ರಹಾಂ ಗ್ರೀನ್ ಎಂಬ ಲೇಖಕನಿಗೆ ತೋರಿಸಿದ. 1935ರಲ್ಲಿ ಪುಸ್ತಕ ಬಂತು. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ಮಾಲ್ಗುಡಿ ಡೇಸ್ ನಿಮಗೆ ನೆನಪಿರಬೇಕು. ಅದರಲ್ಲಿ ಪರೀಕ್ಷೆಗೆ ಹೆದರುವ ಆ ಸ್ವಾಮಿ ಇವನೇ. ಕೆಲವು ಸಲ ನಮ್ಮದನ್ನು ನಾವೇ ತೋರಿಸಲಾರೆವು. ಆಗ ಎಸೆಯದೆ ಇನ್ನೊಬ್ಬರಿಗೆ ತೋರಿಸುವ ಒಬ್ಬ ಗೆಳೆಯ ಬೇಕಾಗುತ್ತದೆ.

ಇಬ್ಬರು ದೊಡ್ಡವರ ಕತೆ ಆಯಿತು. ಇನ್ನು ನನ್ನ 22 ಅಂಕಕ್ಕೆ ಮರಳುತ್ತೇನೆ.

ಪತ್ರಿಕೆ ಬಚ್ಚಿಟ್ಟ ಮರುದಿನ ಸಂಜೆ ಹೋಟೆಲಿನ ಕಡೆ ಹೋದೆ. ತಂದೆ ಒಳಗಿದ್ದರು. ಗಲ್ಲಾ ಪೆಟ್ಟಿಗೆಯ ಮುಂದೆ ಕುಂದಾಪುರದ ಕಡೆಯ ಒಬ್ಬ ಹಿರಿಯರು ಕೂರುತ್ತಿದ್ದರು. ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟವರು. ನನ್ನ ಮುಖ ನೋಡಿ ಏನಾಯಿತು ಎಂದರು. ಯಾಕೋ ಅವರಿಗೆ ಹೇಳಿಬಿಟ್ಟೆ. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನಂಗೆ ಲೆಕ್ಕ ಬರೂದಿಲ್ಲ ಮಾರಾಯಾ, ನೀ ಏನ್ ಕಲ್ತಿದ್ದೆ ಹೇಳ್ ಕಾಂಬ ಎಂದರು.

ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಎಂದು ಮಂತ್ರದ ಹಾಗೆ ಒಪ್ಪಿಸಿದೆ. ಎ ಸ್ಕ್ವೇರ್, ಬಿ ಸ್ಕ್ವೇರ್, ನಡುವೆ ಎರಡು ಎಬಿ. ಹಿರಿಯರು ಕೇಳಿದರು. ಆ ನಡುವಿನ ಎರಡು ಎಲ್ಲಿಂದ ಬಂತು? ನಾನು ಬಾಯಿ ಬಿಟ್ಟು ನಿಂತೆ. ಎಷ್ಟೋ ವರ್ಷದಿಂದ ಹೇಳುತ್ತಿದ್ದ ಸೂತ್ರ. ಎಲ್ಲಿಂದ ಬಂತೆಂದು ಗೊತ್ತಿಲ್ಲ.

ಅಷ್ಟರಲ್ಲಿ ಒಳಗಿನಿಂದ ಮೈಸೂರುಪಾಕಿನ ಟ್ರೇ ಬಂತು. ಚೌಕ ಟ್ರೇ. ನೀವೂ ಮನಸ್ಸಿನಲ್ಲಿ ನೋಡಿ. ಒಂದೊಂದು ಬದಿ ಏಳು ಬೆರಳು ಅನ್ನಿ. ಕೆಲಸದ ಹುಡುಗ ಅದಕ್ಕೆ ಎರಡು ಗೆರೆ ಎಳೆದ. ಮೇಲಿನಿಂದ ಐದು ಬೆರಳಿಗೆ ಒಂದು ಅಡ್ಡಗೆರೆ. ಎಡದಿಂದ ಐದು ಬೆರಳಿಗೆ ಒಂದು ಉದ್ದಗೆರೆ. ಎಷ್ಟು ತುಂಡಾಯಿತು? ನಾಲ್ಕು. ಒಂದು ದೊಡ್ಡ ಚೌಕ, ಐದಕ್ಕೆ ಐದು, ಇಪ್ಪತ್ತೈದು. ಮೂಲೆಯಲ್ಲಿ ಒಂದು ಪುಟ್ಟ ಚೌಕ, ಎರಡಕ್ಕೆ ಎರಡು, ನಾಲ್ಕು. ಉಳಿದವು ಎರಡು ಉದ್ದನೆಯ ಪಟ್ಟಿ. ಒಂದೊಂದು ಐದಕ್ಕೆ ಎರಡು, ಹತ್ತು ಹತ್ತು. ಒಟ್ಟು ನಲವತ್ತೊಂಬತ್ತು. ಏಳೇಳಲಿ ನಲವತ್ತೊಂಬತ್ತು! ಆ ಎರಡು ಪಟ್ಟಿಗಳೇ ನನ್ನ ಎರಡು ಎಬಿ. ಕಣ್ಣೆದುರಿಗೇ ಇದ್ದವು, ತುಪ್ಪ ಸುರಿಸುತ್ತಾ. ನಾನು ಕೂಗಿಬಿಟ್ಟೆ. ಗಿರಾಕಿಗಳು ತಿರುಗಿ ನೋಡಿದರು.

ಆ ಬೇಸಿಗೆ ಪೂರ್ತಿ ಸಂಜೆ ಗಲ್ಲಾ ಪೆಟ್ಟಿಗೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಹಿರಿಯರಿಗೆ ಪಾಠ ಹೇಳಿದೆ. ಅವರಿಗೆ ಅರ್ಥವಾಗದ ಕಡೆಯೆಲ್ಲ ನನಗೂ ಅರ್ಥವಾಗಿರಲಿಲ್ಲ ಎಂದು ಗೊತ್ತಾಗುತ್ತಿತ್ತು. ಸೆಪ್ಟೆಂಬರ್ ಪರೀಕ್ಷೆಯಲ್ಲಿ ಪಾಸಾದೆ. ರ್‍ಯಾಂಕೇನೂ ಬರಲಿಲ್ಲ. ಮುಂದೆ ಗಣಿತದ ಮೇಷ್ಟ್ರಾದೆ. ಯಾವ ಹುಡುಗ ಉತ್ತರ ಸರಿ ಬರೆದರೂ, ಎಲ್ಲಿಂದ ಬಂತು ಎಂದು ಕೇಳುವ ಅಭ್ಯಾಸ ಇವತ್ತಿಗೂ ಹೋಗಿಲ್ಲ.

ಈಗ ವಿದ್ಯಾರ್ಥಿಗಳಿಗೆ ಎರಡು ಮಾತು. ಕಾಲ ಬದಲಾಗಿದೆ. ತಮಿಳುನಾಡಿನಲ್ಲಿ 2017ರಿಂದ ರ್‍ಯಾಂಕ್ ಘೋಷಿಸುವುದನ್ನು ನಿಲ್ಲಿಸಿದ್ದಾರೆ. ಕರ್ನಾಟಕದಲ್ಲಿ 2024ರಲ್ಲಿ ಎಸ್ಸೆಸ್ಸೆಲ್ಸಿಗೂ ಪಿಯುಸಿಗೂ ವರ್ಷದಲ್ಲಿ ಮೂರು ಪರೀಕ್ಷೆ ಬಂತು. ಸಪ್ಲಿಮೆಂಟರಿ ಎಂಬ ಹೆಸರೇ ಹೋಯಿತು. ಪರೀಕ್ಷೆ ಒಂದು, ಎರಡು, ಮೂರು ಎಂದಾಯಿತು. ಒಳ್ಳೆಯದು. ಆದರೆ ರಾಮಾನುಜನ್‌ಗೂ ಎರಡನೆಯ ಅವಕಾಶ ಸಿಕ್ಕಿತ್ತು, ನೆನಪಿರಲಿ. ಬಿದ್ದ ಹಾಗೆಯೇ ಮತ್ತೆ ಬರೆದರೆ ಎಷ್ಟು ಪರೀಕ್ಷೆಯಾದರೂ ಒಂದೇ ಪರೀಕ್ಷೆ. ನಿಮ್ಮ ಉತ್ತರಪತ್ರಿಕೆಯ ನಕಲು ತರಿಸಿಕೊಳ್ಳಿ. ಅಂಕ ಹೆಚ್ಚಿಸುವ ಆಸೆಯಿಂದ ಬೇಡ. ಯಾವ ಸಾಲಿನಲ್ಲಿ ದಾರಿ ತಪ್ಪಿತು ಎಂದು ಬೆರಳಿಟ್ಟು ನೋಡಿ. ನೋಡಿದ್ದನ್ನು ಒಬ್ಬರಿಗೆ ವಿವರಿಸಿ. ಅವರು ಗಣಿತದ ಪಂಡಿತರಾಗಬೇಕಿಲ್ಲ. ಎಲ್ಲಿಂದ ಬಂತು ಎಂದು ಕೇಳುವವರಾದರೆ ಸಾಕು.

ಇನ್ನು ಹಿರಿಯರಿಗೆ. ನಿಮಗೆ ನನ್ನ ಕತೆಯ ಬಾಕಿ ಉಳಿದ ಕೊನೆಯನ್ನು ಹೇಳಬೇಕು.

ಪತ್ರಿಕೆ ಬಚ್ಚಿಟ್ಟ ಮೂರನೆಯ ರಾತ್ರಿ ತಂದೆಗೆ ನಿಜ ಹೇಳಿದೆ. ಅವರು ತಲೆಯೆತ್ತಲಿಲ್ಲ. ಊಟ ಮಾಡು ಎಂದರು. ಅಷ್ಟೆ. ಆಮೇಲೆ ಆ ಮಾತು ಮನೆಯಲ್ಲಿ ಬರಲೇ ಇಲ್ಲ. ಎಷ್ಟೋ ವರ್ಷ ಕಳೆಯಿತು. ತಂದೆ ತೀರಿಕೊಂಡರು. ಅವರ ಟ್ರಂಕು ಬಿಚ್ಚಿದಾಗ ಹೋಟೆಲಿನ ಒಂದು ಹಳೇ ಲೆಕ್ಕದ ಪುಸ್ತಕ ಸಿಕ್ಕಿತು. ಒಳಗೆ ಮಡಿಸಿದ ಪತ್ರಿಕೆ. ಹಳದಿಗಟ್ಟಿತ್ತು. ಅದೇ ದಿನದ್ದು. ನಂಬರುಗಳ ಸಾಲಿನಲ್ಲಿ ಎರಡು ನಂಬರಿನ ನಡುವೆ ಪೆನ್ಸಿಲಿನಿಂದ ಒಂದು ಸಣ್ಣ ಗೆರೆ. ನನ್ನ ನಂಬರು ಇರಬೇಕಾಗಿದ್ದ ಜಾಗ.

ಅಂದು ಬೆಳಿಗ್ಗೆ ಅವರು ಹೋಟೆಲಿಗೆ ಹೋಗುವ ದಾರಿಯಲ್ಲಿ ಇನ್ನೊಂದು ಪ್ರತಿ ಕೊಂಡಿದ್ದರು. ಮೊದಲ ದಿನವೇ ಅವರಿಗೆ ಗೊತ್ತಿತ್ತು. ನಾನಾಗಿ ಹೇಳಲಿ ಎಂದು ಕಾದರೋ, ಹೇಗೆ ಕೇಳುವುದೆಂದು ತಿಳಿಯದೆ ಸುಮ್ಮನಾದರೋ, ಈಗ ಕೇಳುವಂತಿಲ್ಲ. ಆ ಮೂರು ದಿನ ನಮ್ಮ ಮನೆಯವರ ಬಳಿ ಎರಡು ಪತ್ರಿಕೆಗಳಿದ್ದವು. ಮಾತು ಮಾತ್ರ ಒಂದೂ ಇರಲಿಲ್ಲ.